ಸಾಮಾನಿನ ಹತ್ತಿರ ಒಬ್ಬರು

ನಮ್ಮ ಮನೆಯಲ್ಲಿ ದೋಸೆ ಹಿಟ್ಟಿಗೆ ಈಜುವವರ ಟೋಪಿ ಹಾಕುತ್ತೇವೆ. ನಗಬೇಡಿ, ಕಾರಣವಿದೆ. ಹಿಟ್ಟಿನ ಸ್ಟೀಲ್ ಡಬ್ಬಿಯ ಮುಚ್ಚಳ ಯಾರದೋ ಮನೆಗೆ ಬೇಸನ್ ಉಂಡಿಯ ಜೊತೆ ಹೋದದ್ದು ತಿರುಗಿ ಬರಲಿಲ್ಲ. ಯಾರ ಮನೆ ಎಂದು ನನಗೆ ಗೊತ್ತು, ಬಾಯಿಬಿಟ್ಟು ಕೇಳಲು ನಾಚಿಕೆ. ಕಪಾಟಿನಲ್ಲಿ ಬಿದ್ದಿದ್ದ ಹಳದಿ ರಬ್ಬರಿನ ಟೋಪಿಯನ್ನು ಒಂದು ದಿನ ಎಳೆದು ಡಬ್ಬಿಯ ಬಾಯಿಗೆ ಹಾಕಿ ನೋಡಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಹಿಟ್ಟು ಉಬ್ಬಿದಂತೆ ಟೋಪಿಯೂ ಉಬ್ಬುತ್ತದೆ. ಬೆಳಿಗ್ಗೆ ಕಣ್ಣುಜ್ಜಿಕೊಂಡು ಅಡುಗೆಮನೆಗೆ ಹೋದರೆ ಕಟ್ಟೆಯ ಮೇಲೆ ಯಾರೋ ನೀರಿನಿಂದ ತಲೆ ಎತ್ತಿದ ಹಾಗೆ ಕಾಣುತ್ತದೆ. ಕೆಲಸಕ್ಕೆ ಬರುವ ಶಾಲನ್‌ಬಾಯಿ ಮೊದಲ ಸಲ ಅದನ್ನು ಕಂಡಾಗ "ಅಗಬಾಯಿ!" ಎಂದು ಕೈಯಲ್ಲಿದ್ದ ಪಾತ್ರೆ ಬಿಟ್ಟಿದ್ದಳು. ಈಗ ಅವಳೇ ಅದನ್ನು ತೊಳೆದು, ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸುತ್ತಾಳೆ.

ಆ ಟೋಪಿ ಕಂಡರೆ ನನಗೆ ಇಟಲಿ ನೆನಪಾಗುತ್ತದೆ, ಇಟಲಿ ನೆನಪಾದರೆ ಅಕ್ಕ ನೆನಪಾಗುತ್ತಾಳೆ. ಹಾಗೆಂದು ಅಕ್ಕ ದೂರ ದೇಶದಲ್ಲೇನೂ ಇಲ್ಲ. ನಾನು ವಿಮಾನ ನಗರದಲ್ಲಿ, ಅವಳು ಕಾತ್ರಜದಲ್ಲಿ, ಎರಡೂ ಪುಣೆಯೇ. ಸಂಜೆಯ ಟ್ರಾಫಿಕ್ಕಿನಲ್ಲಿ ಹೊರಟವರಿಗೆ ಮಾತ್ರ ಇಟಲಿಯೇ ಹತ್ತಿರ ಅನ್ನಿಸಬಹುದು.

ಅಕ್ಕ ನನಗಿಂತ ಬಹಳ ದೊಡ್ಡವಳು. ನಾನು ಹುಟ್ಟುವ ಹೊತ್ತಿಗೆ ಅವಳು ಜಡೆಯನ್ನು ಎತ್ತಿ ಕಟ್ಟಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಬೈಲಹೊಂಗಲದ ಕಡೆಯ ನಮ್ಮ ಊರಿನಿಂದ ಮೊದಲು ಪುಣೆಗೆ ಬಂದವಳು ಅವಳು, ಮದುವೆಯಾಗಿ. ಆಮೇಲೆ ಕಲಿಯಲಿಕ್ಕೆ, ನೌಕರಿಗೆ, ಆಪರೇಷನ್ನಿಗೆ ಎಂದು ಊರಿನಿಂದ ಬಂದವರೆಲ್ಲ ಕಾತ್ರಜದಲ್ಲಿ ಬಸ್ಸಿಳಿದು ನೇರ ಅವಳ ಮನೆಗೆ ಹೋಗಿ ಚೀಲ ಇಡುತ್ತಿದ್ದರು. ನಾನೂ ಹಾಗೇ ಬಂದು ಚೀಲ ಇಟ್ಟವಳು. ಅವಳು ಮನೆಯಲ್ಲೇ ಸೀರೆಗಳಿಗೆ ಫಾಲ್ ಹಚ್ಚಿ, ಹೊಲಿಗೆ ಯಂತ್ರದಲ್ಲಿ ಅಂಚಿಗೆ ಪಿಕೋ ಹಾಕಿಕೊಡುತ್ತಾಳೆ. ಭಾವ ತೀರಿಕೊಂಡ ಮೇಲೆ ಆ ಯಂತ್ರದ ಸದ್ದೇ ಆ ಮನೆಯ ಮಾತುಕತೆ. ನಾನು ಬ್ಯಾಂಕಿಗೆ ಹೋಗುತ್ತಿದ್ದಾಗ ನನ್ನ ಮಗಳು ಮೇಘಾ ಬೆಳೆದದ್ದೂ ಆ ಯಂತ್ರದ ಕೆಳಗೇ, ಬಣ್ಣಬಣ್ಣದ ದಾರದ ಉಂಡೆಗಳ ನಡುವೆ.

ಇನ್ನು ಇಟಲಿಯ ಮಾತು. ನಮ್ಮನೆಯವರು ಚಾಕಣದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಹೊಸ ಯಂತ್ರ ನಡೆಸುವುದನ್ನು ಕಲಿತು ಬರಲಿಕ್ಕೆ ಅವರನ್ನು ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಕಳಿಸಿದ್ದರು. ಅವರ ಕೆಲಸ ಮುಗಿಯುವುದಕ್ಕೂ ಮೇಘಾಳ ಶಾಲೆಗೆ ಬೇಸಿಗೆ ರಜೆ ಬರುವುದಕ್ಕೂ ಸರಿಹೋಯಿತು. ನೀವೂ ಬನ್ನಿ, ಒಂದು ವಾರ ಇದ್ದು ಕೂಡಿಯೇ ಮರಳೋಣ, ಅಕ್ಕನನ್ನೂ ಕರೆದುಕೊಂಡು ಬನ್ನಿ ಎಂದರು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಇಟಲಿಯವನೊಬ್ಬ ಹೋಟೆಲು ಬೇಡ, ಸರೋವರದ ದಂಡೆಯ ಕ್ಯಾಂಪಿಗೆ ಹೋಗಿ, ನಮ್ಮ ಕುಟುಂಬಗಳೆಲ್ಲ ಹೋಗುವುದು ಅಲ್ಲಿಗೇ ಎಂದಿದ್ದನಂತೆ. ಡೇರೆ, ಒಳಗೆ ಮಂಚ, ಹೊರಗೆ ಗ್ಯಾಸಿನ ಒಲೆ, ಕ್ಯಾಂಪಿನ ನಡುವೆ ದೊಡ್ಡದೊಂದು ಈಜುಕೊಳ. ಮೇಘಾ ಮೊಬೈಲಿನಲ್ಲಿ ಚಿತ್ರ ತೆಗೆದು ತನ್ನ ದೊಡ್ಡವ್ವನಿಗೆ ಎಲ್ಲ ತೋರಿಸಿದಳು, ಕೊಳದ ನಿಯಮಗಳನ್ನೂ ಓದಿ ಹೇಳಿದಳು. ಟೋಪಿ ಇಲ್ಲದೆ ಇಳಿಯುವಂತಿಲ್ಲ. ಈಜಿನ ಬಟ್ಟೆಯ ಹೊರತು ಬೇರೆ ಬಟ್ಟೆ ನಡೆಯುವುದಿಲ್ಲ.

ಅಕ್ಕನ ಕಿವಿ ಡೇರೆ ಎಂಬ ಮಾತಿಗೇ ನಿಂತಿತೆಂದು ನಾನು ತಿಳಿದಿದ್ದೆ. "ಅಂದ್ರ ಪಂಢರಪುರದ ದಿಂಡಿ ಯಾತ್ರಿಗೆ ಹೋದಂಗ ಆತಲ್ಲ?" ಎಂದು ಕೇಳಿ ಅದೇ ತಯಾರಿ ನಡೆಸಿದಳು. ಸಣ್ಣ ಕುಕ್ಕರ್, ರೊಟ್ಟಿಯ ಹಂಚು, ಶೇಂಗಾ ಹಿಂಡಿ, ಕಟಕ ರೊಟ್ಟಿಯ ಗಂಟು, ಬಟ್ಟೆ ಒಣಹಾಕುವ ಹಗ್ಗ, ಒಂದು ದೊಡ್ಡ ಸೋಲಾಪುರ ಚಾದರ. ಸೀರೆ ಬಿಟ್ಟು ಆ ಪ್ರವಾಸಕ್ಕೆಂದೇ ಪಂಜಾಬಿ ಡ್ರೆಸ್ಸು ಹೊಲಿದುಕೊಂಡಳು. ವಿಮಾನ ನಿಲ್ದಾಣದಲ್ಲಿ ಕುಕ್ಕರಿನ ಸೀಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ ಅಧಿಕಾರಿಗೆ "ಮೂರ ಸೀಟಿ ಆದ್ರ ಸಾಕ್ರಿ" ಎಂದು ಕನ್ನಡದಲ್ಲೇ ಹೇಳಿದಳು. ಅವನು ತಲೆಯಾಡಿಸಿದ.

ಮೊದಲ ದಿನವೇ ಟೋಪಿಯ ರಗಳೆ. ನಮ್ಮನೆಯವರ ತಲೆಯ ಮೇಲೆ ಮದುವೆಯ ಕಾಲಕ್ಕೆ ಇದ್ದ ಅಷ್ಟಿಷ್ಟು ಕೂದಲೂ ಆ ಹೊತ್ತಿಗೆ ಉಳಿದಿರಲಿಲ್ಲ. ಟೋಪಿಯ ಕಾನೂನು ಕೂದಲಿದ್ದವರಿಗೆ ಎಂದು ತಮ್ಮಷ್ಟಕ್ಕೆ ತೀರ್ಮಾನಿಸಿ, ನೀರಿಗೆ ಒಂದು ಕಾಲು ಇಟ್ಟರು. ಎತ್ತರದ ಕುರ್ಚಿಯಲ್ಲಿ ಕೂತ ಲೈಫ್‌ಗಾರ್ಡ್ ಸೀಟಿ ಊದಿ ತನ್ನ ತಲೆ ತಟ್ಟಿ ತೋರಿಸಿದ. ಇವರು ಕುರ್ಚಿಯ ಬುಡಕ್ಕೆ ಹೋಗಿ ತಲೆ ಬಗ್ಗಿಸಿ, "ನೋ ಹೇರ್. ಸೀ. ನೋ ಹೇರ್" ಎಂದರು. "ಕ್ಯಾಪ್" ಎಂದ ಅವನು. "ಬಟ್ ಹೇರ್ ಈಸ್ ನಾಟ್ ದೇರ್!" "ಕ್ಯಾಪ್." ಸಿಟ್ಟು ಬಂದರೆ ನಮ್ಮನೆಯವರಿಗೆ ಮರಾಠಿ ಬರುತ್ತದೆ. "ಅರೇ ಬಾಬಾ, ಕೇಸಚ ನಾಹೀತ ನಾ!" ಎಂದು ಕೈ ಕೈ ಆಡಿಸಿದರು. ಅಷ್ಟರಲ್ಲೇ ಬೆನ್ನು, ಭುಜ, ಎದೆಯ ತುಂಬ ಕಪ್ಪು ಕೂದಲಿನ ಮನುಷ್ಯನೊಬ್ಬ ತಲೆಗೊಂದು ಪುಟ್ಟ ಟೋಪಿ ಸಿಕ್ಕಿಸಿಕೊಂಡು ಗಾರ್ಡಿನ ಮುಂದೆಯೇ ರಾಜಾರೋಷವಾಗಿ ನೀರಿಗಿಳಿದ. ಕುರ್ಚಿಯಲ್ಲಿ ಕೂತಿದ್ದ ಅಕ್ಕ ದುಪಟ್ಟಾ ಬಾಯಿಗೆ ತುರುಕಿಕೊಂಡು ನಕ್ಕಳು. "ವಸಂತರಾವ, ಇಲ್ಲದ್ದನ್ನ ಮುಚ್ಚಿಡೂದು ಭಾಳ ಕಷ್ಟ ನೋಡ್ರಿ."

ಕ್ಯಾಂಪಿನ ಅಂಗಡಿಯಲ್ಲಿ ಟೋಪಿಗಳು ನಾಲ್ಕರ ಕಟ್ಟಿನಲ್ಲೇ ಸಿಗುತ್ತಿದ್ದವು. ಮೂರನ್ನು ನಾವು ಮೂವರು ಹಾಕಿಕೊಂಡೆವು. ನಾಲ್ಕನೆಯದು ಅಕ್ಕನದು ಎಂದು ಯಾರೂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಅದು ಪ್ಲಾಸ್ಟಿಕ್ಕಿನ ಒಳಗೇ ಚೀಲದ ತಳ ಸೇರಿತು. ಈಗ ಹಿಟ್ಟಿನ ಡಬ್ಬಿಯ ಮೇಲಿರುವುದು ನಮ್ಮನೆಯವರದು. ಉಜ್ಜಲಿಕ್ಕೆ ಏನೂ ಇಲ್ಲದ ತಲೆಗೆ ಹಾಕಿದ್ದರಿಂದ ಒಂದಿಷ್ಟೂ ಸವೆದಿಲ್ಲ.

ಮರುದಿನ ಬೆಳಿಗ್ಗೆ ಹಾಲು ತರಲು ಹೋಗಿದ್ದ ಇವರು ಬರಿಗೈಯಲ್ಲಿ ಓಡುತ್ತ ಬಂದರು. "ಏಳ್ರಿ ಏಳ್ರಿ, ಕುರ್ಚಿ ಎಲ್ಲಾ ಹೋದವು!" ಕೊಳದ ಸುತ್ತ ಕಾಲು ಚಾಚಿ ಒರಗುವ ಬಿಳಿ ಕುರ್ಚಿಗಳಿದ್ದವು. ಹೋಗಿ ನೋಡಿದರೆ ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಕುರ್ಚಿಗಳ ಮೇಲೆ ಟವೆಲ್ ಹಾಸಿದೆ. ನಮ್ಮನೆಯವರ ಮುಖ ಅರಳಿತು. ಪರದೇಶಕ್ಕೆ ಬಂದ ಮೇಲೆ ಮೊದಲ ಸಲ ಅವರಿಗೆ ತಮ್ಮವರನ್ನು ಕಂಡ ಹಾಗಾಯಿತು. ಸ್ವಾರಗೇಟದಲ್ಲಿ ಹಬ್ಬದ ಮುಂದೆ ಬೆಳಗಾವಿಯ ಬಸ್ಸು ಇನ್ನೂ ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಇಡೀ ಮನೆಯವರಿಗೆ ಸೀಟು ಹಿಡಿಯುತ್ತಿದ್ದ ಮನುಷ್ಯ ಇವರು. ಸಂಬಂಧ ಕುದುರುವಾಗ ನಮ್ಮ ಅಪ್ಪನ ಕಿವಿಗೆ ಬಿದ್ದಿದ್ದ ಶಿಫಾರಸಿನಲ್ಲಿ ಈ ಗುಣವೂ ಇತ್ತು. ಡೇರೆಗೆ ಓಡಿಹೋಗಿ ಅಕ್ಕನ ಸೋಲಾಪುರ ಚಾದರ ತಂದು, ಗಾಳಿಗೆ ಒಮ್ಮೆ ಝಾಡಿಸಿ, ಸಾಲಿನಲ್ಲಿದ್ದ ನಾಲ್ಕು ಕುರ್ಚಿಗಳನ್ನು ಒಂದೇ ಏಟಿಗೆ ಮುಚ್ಚಿಬಿಟ್ಟರು. ಆಗ ತನ್ನ ಪುಟ್ಟ ಟವೆಲ್ ಹಿಡಿದು ಬಂದ ಜರ್ಮನಿಯ ಮುದುಕನೊಬ್ಬ ಆ ಚಾದರವನ್ನೂ ಇವರನ್ನೂ ನೋಡಿ, ಹಣೆಗೆ ಎರಡು ಬೆರಳು ಮುಟ್ಟಿಸಿ ಸಲಾಮು ಹೊಡೆದ. ಆ ಇಡೀ ವಾರ ಇವರು ಅಷ್ಟು ಹೆಮ್ಮೆಯಿಂದ ಬೇರೆ ಯಾವುದಕ್ಕೂ ಬೀಗಲಿಲ್ಲ.

ಆದರೆ ನಮ್ಮ ಪದ್ಧತಿಯಲ್ಲಿ ಬರೀ ಟವೆಲ್ ಸಾಲದು. ಸ್ವಾರಗೇಟದಲ್ಲಿ ಟವೆಲ್ ಹಾಕಿ ಚಹಾ ಕುಡಿಯಲು ಹೋದರೆ, ಬರುವಷ್ಟರಲ್ಲಿ ಟವೆಲ್ ನೆಲದ ಮೇಲಿರುತ್ತದೆ, ಸೀಟಿನಲ್ಲಿ ಯಾರೋ ಸಾತಾರದವರೆಗೆ ನಿದ್ದೆಗೆ ಸಜ್ಜಾಗಿರುತ್ತಾರೆ. ಸೀಟಿನಲ್ಲಿ ಒಬ್ಬರು ಕೂತಿರಲೇಬೇಕು. ಸಾಮಾನಿನ ಹತ್ತಿರವೂ ಒಬ್ಬರು ಇರಲೇಬೇಕು. ಒಬ್ಬರು ಎಂದರೆ ನಮ್ಮ ಮನೆಯಲ್ಲಿ ಯಾವಾಗಲೂ ಅಕ್ಕ. ಇದನ್ನು ಯಾರೂ ಕೂತು ನಿರ್ಧರಿಸಿದ್ದಲ್ಲ. ನರಸೋಬಾವಾಡಿಯಲ್ಲಿ ನಾವೆಲ್ಲ ಹೊಳೆಯಲ್ಲಿ ಮುಳುಗು ಹಾಕುವಾಗ ಅಕ್ಕ ಘಾಟಿನ ಮೆಟ್ಟಿಲ ಮೇಲೆ ಬಟ್ಟೆಗಳ ಹತ್ತಿರ. ಗೋಕಾಕ ಫಾಲ್ಸಿನಲ್ಲಿ ನಾವು ತೂಗುಸೇತುವೆಯ ಮೇಲೆ, ಅಕ್ಕ ಈಚೆ ಬದಿಗೆ ಬುತ್ತಿಯ ಹತ್ತಿರ. ಮಹಾಬಳೇಶ್ವರದಲ್ಲಿ ನಾವು ದೋಣಿಯಲ್ಲಿ, ಅಕ್ಕ ದಂಡೆಯಲ್ಲಿ ಎಲ್ಲರ ಚಪ್ಪಲಿ ಸುತ್ತ ಜೋಡಿಸಿಕೊಂಡು. ಮನೆಯ ಫೋಟೋಗಳನ್ನು ತೆಗೆದು ನೋಡಿ, ಒಂದರಲ್ಲೂ ಅವಳಿಲ್ಲ. ಇದ್ದರೆ ದೂರದಲ್ಲಿ, ಚೀಲಗಳ ನಡುವೆ, ಯಾವುದು ಅಕ್ಕ ಯಾವುದು ಚೀಲ ಎಂದು ತಿಳಿಯದ ಹಾಗೆ.

ಇಟಲಿಯಲ್ಲೂ ಅದೇ ನಡೆಯಿತು. "ಅಕ್ಕಾ, ಇದನ್ನಷ್ಟ ನೋಡ್ಕೊ" ಎಂದು ಕನ್ನಡಕ, ಗಡಿಯಾರ, ಮೊಬೈಲು, ಚಪ್ಪಲಿ ಅವಳ ಮಡಿಲಿಗೆ ಹಾಕಿ ನಾವು ನೀರಿಗೆ. ತಮಾಷೆ ಎಂದರೆ ಅಲ್ಲಿ ಉಳಿದ ಯಾರೂ ಏನನ್ನೂ ಕಾಯುತ್ತಿರಲಿಲ್ಲ. ಪರ್ಸು, ಫೋನು ಎಲ್ಲ ಬಿಸಿಲಿಗೆ ಬಿದ್ದಿರುತ್ತಿದ್ದವು. ಇಡೀ ಕೊಳದ ಸುತ್ತ ಕಾವಲಿದ್ದ ಸಾಮಾನು ನಮ್ಮದೊಂದೇ, ಅದರಲ್ಲಿ ಇದ್ದದ್ದು ಹೆಚ್ಚಾಗಿ ಶೇಂಗಾ ಹಿಂಡಿ.

ಅಕ್ಕನಿಗೆ ಬೇಸರವಾದ ಹಾಗೆ ಕಾಣಲಿಲ್ಲ, ನೋಡಲಿಕ್ಕೆ ಬೇಕಾದಷ್ಟಿತ್ತು. ಬಿಸಿಲಿಗೆ ಮೈ ಒಡ್ಡಿ ಮಲಗಿ, ಒಬ್ಬರ ಬೆನ್ನಿಗೆ ಒಬ್ಬರು ಎಣ್ಣೆ ತಿಕ್ಕುವವರನ್ನು ಅವಳು ಬಹಳ ಹೊತ್ತು ನೋಡಿದಳು. "ಎಣ್ಣಿ ಚೊಲೋ ಹಚ್ಚತಾರವ್ವಾ. ಆದ್ರ ಹಚ್ಕೊಂಡು ಹಂಗ ಮಲಗಿಬಿಡ್ತಾರ. ನೀರ ಹಾಕವ್ರು ಯಾರು? ಸೀಗಿಕಾಯಿ ಎಲ್ಲಿ?" ಎಂದು ಕೇಳಿದಳು. ಕೊಳಕ್ಕೆ ಇಳಿಯುವ ಮೊದಲು ಎಲ್ಲರೂ ಶವರಿನ ಕೆಳಗೆ ನಿಂತು ಬರಬೇಕು ಎಂಬ ನಿಯಮ ಮಾತ್ರ ಅವಳಿಗೆ ಮೆಚ್ಚುಗೆಯಾಯಿತು. "ಮಡಿ ಅದ" ಎಂದಳು.

ಪಕ್ಕದ ಡೇರೆಯಲ್ಲಿ ಹಾಲೆಂಡಿನ ಒಬ್ಬ ಅಜ್ಜಿ ಇದ್ದರು, ಮಗ, ಸೊಸೆ, ಮೊಮ್ಮಕ್ಕಳ ಜೊತೆ ಬಂದವರು. ನಮ್ಮ ಪಕ್ಕದ ಕುರ್ಚಿಯೂ ಅವರದೇ. ಅಕ್ಕನಿಗೆ ಡಚ್ ಬಾರದು, ಅವರಿಗೆ ಕನ್ನಡ ಬಾರದು, ಇಂಗ್ಲಿಷು ಇಬ್ಬರಿಗೂ ಬಾರದು. ಹೀಗಾಗಿ ಮಾತಿಗೆ ಅಡ್ಡಿಯೇ ಇರಲಿಲ್ಲ. ಎರಡನೆಯ ದಿನ ಅಕ್ಕ ನನಗೆ ಹೇಳಿದಳು, "ಪಾಪ, ಆಕಿ ಸೊಸಿ ಒಂದ ಕಡ್ಡಿ ಎತ್ತಿ ಆಕಡೆ ಇಡಂಗಿಲ್ಲಂತ."

"ನಿನಗ ಹ್ಯಾಂಗ ತಿಳೀತು?"

"ಹ್ಯಾಂಗ ಅಂದ್ರ? ಹೇಳಿದ್ಲಲ್ಲ."

ಸಂಜೆ ಕಟಕ ರೊಟ್ಟಿ, ಹಿಂಡಿ ಆ ಡೇರೆಗೆ ಹೋಯಿತು. ಅಲ್ಲಿಂದ ಒಂದು ತುಂಡು ಚೀಸು ಬಂತು. ಅಕ್ಕ ಅದನ್ನು ಮೂಸಿ ನೋಡಿ, ಮಹಾ ಮರ್ಯಾದೆಯಿಂದ ನಮ್ಮನೆಯವರ ತಟ್ಟೆಗೆ ಹಾಕಿದಳು.

ನನ್ನ ಈಜಿನ ಕಥೆಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ನನಗೆ ಈಜು ಬಾರದು. ಸಣ್ಣವಳಿದ್ದಾಗ ನಾನು ನೀರು ಕಂಡದ್ದು ಹಿತ್ತಾಳೆಯ ಹಂಡೆಯಲ್ಲಿ, ಅದೂ ಅವ್ವ ಚಂಬಿನಿಂದ ತಲೆಗೆ ಸುರಿಯುವಾಗ ಉಸಿರು ಕಟ್ಟಿ ಕಿರುಚುತ್ತ. ಅಂಥವಳು ಮಕ್ಕಳ ಕೊಳದಲ್ಲಿ ಕಂಬಿ ಹಿಡಿದು ನಿಂತರೆ, ಮೂರು ವರ್ಷದ ಮಗುವೊಂದು ತನ್ನ ರಬ್ಬರಿನ ಬಾತುಕೋಳಿಯನ್ನು ನನಗೆ ಕೊಡಲು ಬಂತು. ಮಧ್ಯಾಹ್ನ ಹಾಡು ಹಾಕಿ, ನೀರಿನಲ್ಲಿ ಹೆಂಗಸರಿಗೆಲ್ಲ ಕುಣಿತ ಹೇಳಿಕೊಡುತ್ತಿದ್ದರು. ಸೊಂಟದುದ್ದ ನೀರು, ಹೆದರಿಕೆಯಿಲ್ಲ ಎಂದು ಅದಕ್ಕೂ ಹೋದೆ. ಇಟಾಲಿಯನ್ನಿನಲ್ಲಿ ಎಡ ಯಾವುದು ಬಲ ಯಾವುದು ಎಂದು ತಿಳಿಯದೆ, ಎಲ್ಲರೂ ಅತ್ತ ಹೋದಾಗ ನಾನು ಇತ್ತ. ಎಲ್ಲರೂ ಕೈ ಇಳಿಸಿದ ಮೇಲೆ ನನ್ನ ಕೈ ಮೇಲೆ. ಮೇಘಾ ಕೊಳದ ಆಚೆ ತುದಿಗೆ ಹೋಗಿ, ನಾನು ಯಾರೋ ತನಗೆ ಗೊತ್ತಿಲ್ಲ ಎನ್ನುವ ಮುಖ ಮಾಡಿಕೊಂಡು ನಿಂತಿದ್ದಳು. ಅಕ್ಕ ಮಾತ್ರ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಸುಧೀ, ನೀರಿಗೆ ಹೆದರಬ್ಯಾಡ. ಅದರ ಮ್ಯಾಲ ಮಲಕೊಂಡ್ರ ಅದ ಹೊರತದ" ಎಂದು ಕುರ್ಚಿಯಿಂದಲೇ ಕೂಗಿದಳು.

ಈ ಮಾತನ್ನು ಅವಳು ಯಾಕೆ ಅಷ್ಟು ಖಾತ್ರಿಯಿಂದ ಹೇಳಿದಳೆಂದು ನಾನು ಆಗ ಯೋಚಿಸಲಿಲ್ಲ. ಯೋಚಿಸಿದ್ದರೆ ಗೊತ್ತಿರುವ ವಿಷಯವೇ. ಅವ್ವ ಹೇಳುತ್ತಿದ್ದಳು: ಅಕ್ಕ ಸಣ್ಣವಳಿದ್ದಾಗ ಹೊಲದ ಬಾವಿಯಲ್ಲಿ ಈಜುತ್ತಿದ್ದಳಂತೆ. ತೇಲಲಿಕ್ಕೆ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಕಲಿತವಳು, ಆಮೇಲೆ ಓಣಿಯ ಅರ್ಧ ಮಕ್ಕಳಿಗೆ ಅವಳೇ ಡಬ್ಬಿ ಕಟ್ಟಿ ನೂಕಿದಳಂತೆ. ಬಾವಿಯ ದಂಡೆಯಿಂದ ಕಾಲು ಮಡಚಿ ಜಿಗಿದರೆ ನೀರು ಮೇಲಿನ ಕಲ್ಲಿನ ತನಕ ಹಾರುತ್ತಿತ್ತಂತೆ. ದೊಡ್ಡವಳಾದ ದಿನ ಅಜ್ಜಿ, "ಇನ್ನ ಬಾವಿ ಸಾಕು" ಎಂದರಂತೆ. ಸಾಕು ಎಂದರೆ ಸಾಕು, ಅಲ್ಲಿಗೆ ಮುಗಿಯಿತು. ನನಗೆ ಇದೆಲ್ಲ ನಾನು ಹುಟ್ಟುವ ಮೊದಲಿನ ಕಥೆ. ಅಜ್ಜ ಕುದುರೆ ಹತ್ತುತ್ತಿದ್ದ ಎಂಬುದನ್ನು ಕೇಳಿದ ಹಾಗೆ ಇದನ್ನೂ ಕೇಳಿ ಮರೆತಿದ್ದೆ. ಕುದುರೆಯೂ ಇಲ್ಲ, ಅಜ್ಜನೂ ಇಲ್ಲ. ಆದರೆ ಅಕ್ಕ ಅಲ್ಲೇ ಇದ್ದಳಲ್ಲ, ನಮ್ಮ ಚಪ್ಪಲಿ ಕಾಯುತ್ತ, ನೀರಿನಿಂದ ಎರಡು ಮಾರು ದೂರದಲ್ಲಿ.

ದಿನಾ ಬೆಳಿಗ್ಗೆ ಡೇರೆಯಿಂದ ಹೊರಡುವಾಗ ಅವಳು ಒಂದು ಮಾತು ಕೇಳುತ್ತಿದ್ದಳು. "ಇವತ್ತ ಎಲ್ಲಾರೂ ಇಳಿಯೋರೇನು?"

"ಹೂಂ, ಎಲ್ಲಾರೂ" ಎನ್ನುತ್ತಿದ್ದೆವು ನಾವು, ಟವೆಲ್ ಹೆಗಲಿಗೆ ಹಾಕಿಕೊಳ್ಳುತ್ತ.

ಬಿಸಿಲು ಜೋರಾಗಿತ್ತು. ಅವಳ ಮುಖದ ಮೇಲೆ ಬೆವರು ಇಳಿಯುತ್ತಿತ್ತು. ಇಷ್ಟು ಸೆಕೆಯಲ್ಲಿ ಆ ತುಂಬುತೋಳಿನ ಡ್ರೆಸ್ಸು ಯಾಕೆ, ನನ್ನ ತೆಳ್ಳಗಿನ ಕುರ್ತಾ ಹಾಕಿಕೊ ಎಂದರೆ, "ಇರಲಿ ಬಿಡ, ನನಗ ಇದ ಸರಿ ಅದ" ಎಂದು ದುಪಟ್ಟಾದಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು.

ಕೊನೆಯ ದಿನ ಡೇರೆಯನ್ನು ಅವರು ಕೊಟ್ಟ ಹಾಗೆಯೇ ಚೊಕ್ಕಟ ಮಾಡಿ ಒಪ್ಪಿಸಬೇಕಿತ್ತು. ಒಲೆಯ ಮೇಲೆ ಒಂದು ವಾರದ ರೊಟ್ಟಿಯ ಹಿಟ್ಟು ಸುಟ್ಟು ಕಪ್ಪಾಗಿ ಕೂತಿತ್ತು. ಅರಿಸಿನದ ಕಲೆ ಡೇರೆಯ ಬಟ್ಟೆಗೆ ಹೇಗೆ ಹತ್ತಿತೋ ಆ ದೇವರೇ ಬಲ್ಲ. ಅಕ್ಕ ಸೆರಗು ಸಿಕ್ಕಿಸುವವಳ ಹಾಗೆ ದುಪಟ್ಟಾ ಸೊಂಟಕ್ಕೆ ಕಟ್ಟಿ ಮುಂದೆ ಬಂದಳು. ನಾನು ತಡೆದೆ. ವಾರವಿಡೀ ಅಡುಗೆ ಮಾಡಿ ಹಾಕಿದ್ದೀ, ಇವತ್ತೊಂದು ದಿನ ಹಾಯಾಗಿ ಕೂಡು, ತಿಕ್ಕುವುದು ನಮ್ಮ ಮೂವರ ಕೆಲಸ ಎಂದೆ. ಮನಸಾರೆ ಹೇಳಿದ ಮಾತು. ಡೇರೆ ಖಾಲಿ ಮಾಡಿದ್ದರಿಂದ ನಾಲ್ವರ ಬ್ಯಾಗು, ಕುಕ್ಕರ್, ಹಂಚು ಎಲ್ಲವನ್ನೂ ಕೊಳದ ದಂಡೆಗೆ ಸಾಗಿಸಿ, ಅವಳ ಸುತ್ತ ಕೋಟೆಯ ಹಾಗೆ ಒಟ್ಟಿ, ನಾವು ಒಲೆ ತಿಕ್ಕಲು ಹೋದೆವು.

ತಿರುಗಿ ಬರುವಾಗ ಗೇಟಿನಲ್ಲೇ ಏನೋ ವಿಚಿತ್ರ ಅನ್ನಿಸಿತು. ಜನ ನಮ್ಮನ್ನು ನೋಡಿ ನಗುತ್ತಿದ್ದರು. ಸಲಾಮು ಹೊಡೆದಿದ್ದ ಜರ್ಮನಿಯ ಮುದುಕ ಈ ಸಲ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದ. ನಮ್ಮ ಕೋಟೆಯ ನಡುವೆ, ಅಕ್ಕನ ಕುರ್ಚಿಯಲ್ಲಿ, ಡಚ್ ಅಜ್ಜಿ ನೆಟ್ಟಗೆ ಕೂತಿದ್ದರು. ಅಕ್ಕನ ಪರ್ಸು ಅವರ ಕೊರಳಲ್ಲಿ, ಒಂದು ಕೈ ಕುಕ್ಕರಿನ ಮೇಲೆ. ಹತ್ತಿರ ಬಂದವರನ್ನೆಲ್ಲ ಸಂಶಯದಿಂದ ನೋಡುತ್ತಿದ್ದರು. ನನ್ನನ್ನೂ ಹಾಗೇ ನೋಡಿ, ಆಮೇಲೆ ಗುರುತು ಹಿಡಿದರು. ಅಕ್ಕ ಆಗಷ್ಟೇ ಬಟ್ಟೆ ಬದಲಿಸುವ ಕೋಣೆಯಿಂದ ಬರುತ್ತಿದ್ದಳು, ಅದೇ ಪಂಜಾಬಿ ಡ್ರೆಸ್ಸಿನಲ್ಲಿ. ತೆಗೆಯಲು ಮರೆತ ಹಳದಿ ಟೋಪಿ ಮಾತ್ರ ತಲೆಯ ಮೇಲಿತ್ತು. ನಮ್ಮನ್ನು ಕಂಡು ಪಟ್ಟನೆ ಅದನ್ನು ಎಳೆದು ಹಿಂದೆ ಮುಚ್ಚಿಟ್ಟಳು, ಕದ್ದು ಬೆಲ್ಲ ತಿಂದ ಹುಡುಗಿಯ ಹಾಗೆ.

"ಯುವರ್ ಮದರ್," ಎಂದ ಲೈಫ್‌ಗಾರ್ಡ್, ಕುರ್ಚಿಯಿಂದ ಇಳಿದು ಬಂದು, "ಚಾಂಪಿಯನ್!"

"ಸಿಸ್ಟರ್" ಎಂದೆ.

ಏನಾಯಿತೆಂದು ನನಗೆ ಹೇಳಿದವರು ಆ ಅಜ್ಜಿ. ಮಾತಿನಲ್ಲಿ ಹೇಳುವಂತಿರಲಿಲ್ಲ, ಕೂತಲ್ಲೇ ಅಭಿನಯಿಸಿ ತೋರಿಸಿದರು. ಮೊದಲು ಎರಡೂ ಕೈ ಜೋಡಿಸಿ ತಲೆ ಬಾಗಿಸಿದರು: ಅಕ್ಕ ನೀರಿಗೆ ನಮಸ್ಕಾರ ಮಾಡಿದ್ದಾಳೆ. ಆಮೇಲೆ ಮೊಣಕಾಲು ಎದೆಗೆ ಎಳೆದುಕೊಂಡು, ಅಂಗೈಗೆ ಅಂಗೈ ಫಟ್ಟನೆ ಹೊಡೆದು, ಎರಡೂ ಕೈಯಿಂದ ನೀರು ಆಕಾಶಕ್ಕೆ ಹಾರಿದ್ದನ್ನು ತೋರಿಸಿದರು. ಜಿಗಿಯಲು ಅಲ್ಲಿ ಅಪ್ಪಣೆಯಿಲ್ಲ. ಗಾರ್ಡ್ ಸೀಟಿಯನ್ನು ಬಾಯಿಗಿಟ್ಟವನು ಊದದೆ ಹಾಗೇ ನಿಂತನಂತೆ. ಆಮೇಲೆ ಅಜ್ಜಿಯ ಕೈಗಳು ಒಂದಾದ ಮೇಲೊಂದು ಗಾಳಿಯನ್ನು ಬಾಚಿ ಬಾಚಿ ಹಿಂದೆ ತಳ್ಳಿದವು, ಈ ತುದಿಯಿಂದ ಆ ತುದಿಗೆ, ಮತ್ತೆ ಆ ತುದಿಯಿಂದ ಈ ತುದಿಗೆ. ಕೊನೆಗೆ ಅವರು ಕುರ್ಚಿಗೆ ಒರಗಿ, ತೋಳು ಎರಡೂ ಕಡೆ ಚಾಚಿ, ಕಣ್ಣು ಮುಚ್ಚಿದರು. ಅಕ್ಕ ನೀರಿನ ಮೇಲೆ ಅಂಗಾತ ಮಲಗಿದ್ದಾಳೆ. ಇನ್ನೇನು ಕಣ್ಣು ತೆರೆಯುತ್ತಾರೆ ಎಂದು ನಾನು ಕಾದೆ. ಬಹಳ ಹೊತ್ತು ತೆರೆಯಲಿಲ್ಲ.

ನಾನು ಅಕ್ಕನ ಈಜು ನೋಡಿದ್ದು ಅಷ್ಟೇ, ಇನ್ನೊಬ್ಬರ ಕೈಗಳಲ್ಲಿ. ನಮ್ಮನೆಯವರು ನೋಡಲಿಲ್ಲ, ಮೇಘಾ ನೋಡಲಿಲ್ಲ, ಒಂದು ಫೋಟೋ ಇಲ್ಲ. ಎಲ್ಲರ ಮೊಬೈಲೂ ಅಕ್ಕನ ಪರ್ಸಿನಲ್ಲೇ ಇದ್ದವು. ಹೆಸರು ತಿಳಿಯದ ಯಾರು ಯಾರೋ ನೋಡಿದರು, ಚಪ್ಪಾಳೆ ತಟ್ಟಿದರು, ತಮ್ಮ ತಮ್ಮ ಊರಿಗೆ ಹೋದರು. ಈ ವ್ಯಸನ ನನ್ನನ್ನು ಬಿಡುವುದಿಲ್ಲ. ಒಲೆ ಇನ್ನೂ ಸ್ವಲ್ಪ ಕಪ್ಪಾಗಿಯೇ ಇದ್ದಿದ್ದರೆ ಯಾರಿಗೆ ಏನಾಗುತ್ತಿತ್ತು?

ಪುಣೆಗೆ ಬಂದ ಮೇಲೆ ಹಟ ಹಿಡಿದೆ. ನಮ್ಮ ಸೊಸೈಟಿಯಲ್ಲೂ ಒಂದು ಕೊಳವಿದೆ, ಮಧ್ಯಾಹ್ನ ಒಂದು ಹೊತ್ತು ಹೆಂಗಸರಿಗೆ ಮೀಸಲು. ಅಲ್ಲಿ ಕುರ್ಚಿಗೆ ಟವೆಲ್ ಹಾಕಬೇಕಾದ ಪ್ರಮೇಯವೇ ಇಲ್ಲ, ಯಾರೂ ಬರುವುದಿಲ್ಲ. "ಅಕ್ಕಾ, ಬಾ, ಒಮ್ಮೆ ಈಜಿ ತೋರಸು" ಎಂದು ಎಷ್ಟೋ ಸಲ ಕರೆದೆ. ಮೊದಲು ಥಂಡಿ ಎಂದಳು. ಆಮೇಲೆ ಮದುವೆ ಸೀಸನ್ನು, ಪಿಕೋಗೆ ಬಂದ ಸೀರೆ ರಾಶಿ ಬಿದ್ದಿದೆ ಎಂದಳು. ಅದಾದ ಮೇಲೆ ಅವಳ ಬಲಭುಜ ಹಿಡಿದುಕೊಂಡಿತು. ಯಂತ್ರದ ಮೇಲೆ ಬಗ್ಗಿ ಬಗ್ಗಿ ಹೀಗಾಗಿದೆ ಎಂದರು ಡಾಕ್ಟರು. ಈಗ ಕೈ ಕಿವಿಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ, ತಲೆ ಬಾಚಿಕೊಳ್ಳಲಿಕ್ಕೂ ಪಕ್ಕದ ಮನೆಯ ಹುಡುಗಿ ಬರಬೇಕು. ಹೋದ ವಾರ ಹೋದಾಗ ಸುಮ್ಮನಿರಲಾರದೆ ಮತ್ತೆ ಅದೇ ಮಾತು ತೆಗೆದೆ. ನಾನು ನೋಡಲಿಲ್ಲವಲ್ಲ ಎಂದೆ. ಅವಳು ಎಡಗೈಯಿಂದ ಚಹಾ ಸೋಸುತ್ತ, "ತೋರಸಾಕಂತ ಇಳದಿದ್ದಿಲ್ಲವ್ವ ನಾ" ಎಂದಳು. ಸಿಟ್ಟಿನಿಂದಲ್ಲ, ಸಹಜವಾಗಿ.

ಅದು ನಿಜ. ಆದರೂ ನನಗೆ ಸಮಾಧಾನವಿಲ್ಲ, ಅದಕ್ಕೆ ಕಾರಣ ಆ ದಿನ ರೈಲಿನಲ್ಲಿ ಆದ ಮಾತು.

ಕ್ಯಾಂಪಿನಿಂದ ಮಿಲಾನಿಗೆ ಹೋಗುವ ರೈಲು. ನಮ್ಮನೆಯವರೂ ಮೇಘಾಳೂ ಎದುರಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ಅಕ್ಕ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು, ಒಳಗಿನ ಒದ್ದೆ ಬಟ್ಟೆಯನ್ನು ಬಿಡಿಸಿ, ಕಿಟಕಿಯ ಪಕ್ಕದ ಕೊಕ್ಕೆಗೆ ತೂಗುಹಾಕಿದಳು. ಗಾಢ ನೀಲಿ, ಮೊಣಕಾಲಿನ ತನಕ, ಮೊಣಕೈಯಿನ ತನಕ. ಕೊರಳಿನ ಸುತ್ತ ಸಣ್ಣಗೆ, ಒಂದೇ ಸಮನೆ, ಅವಳ ಯಂತ್ರದ ಪಿಕೋ. ನಾನು ಮುಟ್ಟಿ ನೋಡಿದೆ.

"ಇದನ್ನ ಯಾವಾಗ ಹೊಲದಿ?"

"ಮೇಘಾ ನಿಯಮ ಓದಿ ಹೇಳಿದ್ಲಲ್ಲ, ಮರುದಿನ. ತುಳಸಿಬಾಗದಾಗ ಎಳದ್ರ ಹಿಗ್ಗೂ ಅರಿವಿ ಸಿಕ್ತು. ಅಳತಿ ಸರಿ ಬರೂತನಕ ಎರಡ ಸಲ ಬಿಚ್ಚಿದೆ."

"ಅಂದ್ರ ಮೊದಲ ದಿನದಿಂದ ನಿನ್ನ ಹತ್ರ ಇತ್ತು? ಬ್ಯಾಗಿನಾಗ?"

ಅಕ್ಕ ಬಟ್ಟೆಯ ಅಂಚನ್ನು ಹಿಂಡಿ, ಬಿದ್ದ ಎರಡು ಹನಿ ನೀರನ್ನು ದುಪಟ್ಟಾದಿಂದ ಒರೆಸಿದಳು. ಹೊರಗೆ ಸರೋವರ ಇನ್ನೂ ಕಾಣುತ್ತಿತ್ತು.

"ಬ್ಯಾಗಿನಾಗ ಯಾಕ? ದಿನಾ ಡ್ರೆಸ್ಸಿನ ಒಳಗ ಹಾಕ್ಕೊಂಡ ಬರತಿದ್ದೆ. ಯಾರರೆ 'ಅಕ್ಕಾ, ನೀನೂ ಬಾ' ಅಂದ್ರ, ಬಟ್ಟಿ ಬದಲ ಮಾಡಾಕ ಹೊತ್ತ ಆಗಬಾರದು ನೋಡು."